ಊರು ಕಾಯುತ್ತೇವೆ ಅಂತ ಬಂದವರಿಗೆ ಮನೆಯ ಲೆಕ್ಕ ಬರೆದುಕೊಡಬೇಡಿ

ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಬೆಳೆಗಾರರು ದಯವಿಟ್ಟು ಇದನ್ನು ಕೊನೆತನಕ ಓದಿ. ನಿಮ್ಮೂರಿಗೆ ಯಾರಾದರೂ ಬಂದು, ರಾತ್ರಿ ಬೀಟ್, ಅಂದರೆ ಗಸ್ತು, ಹಾಕಿಸುತ್ತೇವೆ, ಕ್ಯಾಮೆರಾ ಕೂರಿಸುತ್ತೇವೆ, ಈ ಫಾರಂ ತುಂಬಿಕೊಡಿ ಅಂದರೆ ತುಂಬಬೇಡಿ. ದುಡ್ಡು ಹೋದರೆ ಹೋಗಲಿ, ಫಾರಂ ಮಾತ್ರ ತುಂಬಬೇಡಿ. ನಮ್ಮೂರಲ್ಲಿ 23 ಮನೆಯವರು ತುಂಬಿದೆವು. ಮೊದಲು ತುಂಬಿದವನು ನಾನು. ನನ್ನನ್ನು ನೋಡಿ ಉಳಿದವರು ತುಂಬಿದರು. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ನಮ್ಮದು ಗೋಣಿಬೀಡು ಹೋಬಳಿಯ ಒಂದು ಸಣ್ಣ ಊರು. ಮಲೆನಾಡಿನ ಊರು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅವರವರ ತೋಟದೊಳಗೆ ಅವರವರ ಮನೆ. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಮೊದಲೆಲ್ಲ ಕಣದಲ್ಲಿ ಕಾಫಿ ಹರಡಿ, ಟಾರ್ಪಲ್ ಮುಚ್ಚಿ ನೆಮ್ಮದಿಯಾಗಿ ಮಲಗುತ್ತಿದ್ದೆವು. 2025ರ ಆರಂಭದಲ್ಲಿ ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಕಾಫಿ, ಅಂದರೆ ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ ಮೂಟೆಗೆ 25 ಸಾವಿರ ದಾಟಿತಲ್ಲ, ಆಮೇಲೆ ಆ ನೆಮ್ಮದಿ ಹೋಯಿತು. ಪಕ್ಕದ ಊರಲ್ಲಿ ಒಬ್ಬರ ಕಣದಿಂದ ರಾತ್ರೋರಾತ್ರಿ ಕಾಫಿ ಬಾಚಿಕೊಂಡು ಹೋದರು. ನಮ್ಮೂರಲ್ಲೇ ಎರಡು ಕಡೆ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿದರು. ಸರದಿ ಪ್ರಕಾರ ಕಾವಲು ಹೋಗೋಣ ಅಂದರೆ ಕತ್ತಲಲ್ಲಿ ಆನೆ ಭಯ. ಊರಲ್ಲಿ ಇದ್ದದ್ದು ಆನೆ ಎಲ್ಲಿದೆ ಅಂತ ತಿಳಿಸುವ ಒಂದು ವಾಟ್ಸಾಪ್ ಗ್ರೂಪ್ ಅಷ್ಟೇ.

ಆ ಮನುಷ್ಯ ಬಂದದ್ದು ನವೆಂಬರಿನಲ್ಲಿ, ಹಣ್ಣು ಕೊಯ್ಲು ಶುರುವಾದ ವಾರ. ಖಾಕಿ ಬಣ್ಣದ ಪ್ಯಾಂಟ್, ಕುತ್ತಿಗೆಗೆ ಕಾರ್ಡ್, ಕಂಕುಳಲ್ಲಿ ಫೈಲ್. ಪೊಲೀಸ್ ಅಂತ ಅವನು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ಈಗ ಯೋಚಿಸಿದರೆ ಅದು ಗೊತ್ತಾಗುತ್ತದೆ. 'ಮನೆ ಮನೆಗೆ ಪೊಲೀಸ್ ಅಂತ ಸರ್ಕಾರ ಈ ವರ್ಷ ಶುರು ಮಾಡಿದೆಯಲ್ಲ ಸರ್, ಅದಕ್ಕೆ ಜೊತೆಯಾಗಿ ನಾವು ಹಳ್ಳಿಗಳಲ್ಲಿ ಮಾಡುತ್ತಿದ್ದೇವೆ' ಅಂದ. ಆ ಯೋಜನೆ 2025ರಲ್ಲಿ ಶುರುವಾದದ್ದು ನಿಜ. ಪೇಪರಿನಲ್ಲಿ ನಾನೇ ಓದಿದ್ದೆ. ಅದಕ್ಕೇ ನಂಬಿದೆ. ಮನೆಗೆ ಎರಡು ಕ್ಯಾಮೆರಾ, ಕೊಯ್ಲು ಮುಗಿಯುವವರೆಗೆ ರಾತ್ರಿ ಕಾವಲಿಗೆ ಇಬ್ಬರು ಹುಡುಗರು, ಎಲ್ಲ ಸೇರಿ 6,500 ರೂಪಾಯಿ. ಜಾಸ್ತಿ ಅನ್ನಿಸಲಿಲ್ಲ. 23 ಮನೆಯಿಂದ 1,49,500 ಆಯಿತು. ಅರ್ಧ ನಗದು, ಅರ್ಧ ಫೋನ್ ಪೇ. ಫೋನ್ ಪೇಯಲ್ಲಿ ಬಂದದ್ದು ಸಂಸ್ಥೆಯ ಹೆಸರಲ್ಲ, ಯಾವುದೋ ಹೆಂಗಸಿನ ಹೆಸರು. ಕೇಳಿದ್ದಕ್ಕೆ 'ನಮ್ಮ ಅಕೌಂಟೆಂಟ್ ಸರ್' ಅಂದ. ನಾನು ತಲೆಯಾಡಿಸಿದೆ.

ಇನ್ನು ಆ ಫಾರಂ. ಎರಡು ಹಾಳೆ. ಮನೆಯಲ್ಲಿ ಎಷ್ಟು ಜನ, ವಯಸ್ಸಾದವರು ಎಷ್ಟು. ನಾಯಿ ಇದೆಯಾ, ರಾತ್ರಿ ಬಿಡುತ್ತೀರಾ, ಕಟ್ಟುತ್ತೀರಾ. ಕೋವಿ ಇದೆಯಾ. ಕಾಫಿ, ಮೆಣಸು ಎಲ್ಲಿ ಇಡುತ್ತೀರಿ, ಬೀಗ ಎಷ್ಟು. ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ಮುಂದಿನ ಮೂರು ತಿಂಗಳಲ್ಲಿ ಮನೆಯವರೆಲ್ಲ ಊರಿಗೆ ಹೋಗುವ ಕಾರ್ಯಕ್ರಮ ಇದೆಯಾ, ಇದ್ದರೆ ತಾರೀಕು ಬರೆಯಿರಿ. 'ಆ ದಿನ ನಿಮ್ಮ ಮನೆಗೆ ಸ್ಪೆಷಲ್ ಕಾವಲು ಸರ್' ಅಂದ. ಜನವರಿ ಕೊನೆ ವಾರ ಚಿಕ್ಕಮಗಳೂರಿನಲ್ಲಿ ಹೆಂಡತಿಯ ತಂಗಿಯ ಮಗಳ ಮದುವೆ ಇತ್ತು. ತಾರೀಕು ಬರೆದೆ. ನನ್ನ ಕೈಯಾರೆ, ನನ್ನ ಪೆನ್ನಿನಲ್ಲೇ ಬರೆದೆ.

ತೋಟದ ಕೆಲಸದವರು ಇರುವ ಲೈನ್ ಮನೆಯವರ ಆಧಾರ್ ಜೆರಾಕ್ಸ್ ಕೂಡ ಕೇಳಿದ. 'ಕಳ್ಳತನ ಆಗುವುದು ಒಳಗಿನವರಿಂದಲೇ ಸರ್, ಹೊರಗಿಂದ ಬಂದ ಲೇಬರ್ ಮೇಲೆ ಒಂದು ಕಣ್ಣಿಡಿ' ಅಂತ ಮನೆಮನೆಯಲ್ಲೂ ಹೇಳಿದ್ದ. ಅದನ್ನೂ ಕೊಟ್ಟೆವು.

ಕಾವಲಿನ ಹುಡುಗರು ಬಂದದ್ದು ಒಟ್ಟು ಒಂಬತ್ತು ರಾತ್ರಿ. ವಿಷಲ್ ಊದಿಕೊಂಡು, ಟಾರ್ಚ್ ಹಾಕಿಕೊಂಡು ತಿರುಗಿದರು. ಹತ್ತನೇ ರಾತ್ರಿಯಿಂದ ಇಲ್ಲ. ಫೋನ್ ಮಾಡಿದರೆ 'ಆನೆ ಇದೆಯಂತೆ ಸರ್, ಹುಡುಗರು ಹೆದರುತ್ತಾರೆ. ಕ್ಯಾಮೆರಾ ಇದೆಯಲ್ಲ, ನಮ್ಮ ಕಂಟ್ರೋಲ್ ರೂಮಲ್ಲಿ ನೋಡುತ್ತಲೇ ಇರುತ್ತೇವೆ' ಅಂದ. ಹೌದಲ್ಲ ಅಂದುಕೊಂಡೆ. ರಾತ್ರಿ ಅಂಗಳಕ್ಕೆ ಬಂದರೆ ಕ್ಯಾಮೆರಾದಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಅದನ್ನು ನೋಡಿ ಒಳಗೆ ಹೋಗಿ ಮಲಗುತ್ತಿದ್ದೆ.

ಮದುವೆ ಮುಗಿಸಿ ಮರುದಿನ ಬೆಳಿಗ್ಗೆ ಬಂದರೆ ಗೋಡೌನ್ ಬೀಗ ಕೆಳಗೆ ಬಿದ್ದಿತ್ತು. ಒಣಗಿಸಿ, ತೂಕ ಮಾಡಿ, ಬಾಯಿ ಹೊಲಿದು ಇಟ್ಟಿದ್ದ ಪಾರ್ಚ್‌ಮೆಂಟ್‌ನಲ್ಲಿ ಐದು ಮೂಟೆ ಇಲ್ಲ. ಪಕ್ಕದಲ್ಲಿದ್ದ ಗೊಬ್ಬರದ ಚೀಲ ಮುಟ್ಟಿಲ್ಲ. ನಾಯಿ ಕಟ್ಟಿದ ಜಾಗದಲ್ಲೇ ಇತ್ತು.

ಆಗ ನಾವು ಏನು ಮಾಡಿದೆವು ಗೊತ್ತಾ? ಲೈನ್ ಮನೆಗೆ ಹೋದೆವು. ಅಸ್ಸಾಂ ಕಡೆಯ ಒಂದು ಕುಟುಂಬ ಎರಡು ವರ್ಷದಿಂದ ನಮ್ಮಲ್ಲೇ ಇತ್ತು. ಅವರ ಟ್ರಂಕ್ ತೆಗೆಸಿದೆವು, ಹಾಸಿಗೆ ಎತ್ತಿಸಿದೆವು. ಏನೂ ಸಿಗಲಿಲ್ಲ. ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದವು. ರೋಬಸ್ಟಾ ಕೊಯ್ಲಿನ ಮಧ್ಯದಲ್ಲೇ, ಮೂರನೇ ದಿನ ಅವರು ಸಾಮಾನು ಕಟ್ಟಿಕೊಂಡು ಹೊರಟುಹೋದರು. ಆಮೇಲೆ ಆ ಮನೆಯವನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. 'ಪರವಾಗಿಲ್ಲ ಮಾಲೀಕ' ಅಂದ. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಕ್ಯಾಮೆರಾದವನಿಗೆ ಅದೇ ಬೆಳಿಗ್ಗೆ ಫೋನ್ ಮಾಡಿದ್ದೆ. ವಿಡಿಯೋ ಕೊಡಿ ಅಂದೆ.

'ಅಯ್ಯೋ, ಹೌದಾ ಸರ್? ಎಲ್ಲ ಕ್ಲೌಡಲ್ಲಿ ಸೇವ್ ಆಗಿರುತ್ತದೆ. ನಾಳೆ ಕಳಿಸುತ್ತೇನೆ.'

ಮರುದಿನ: 'ಸರ್ವರ್ ಡೌನ್ ಸರ್.'

ಅದರ ಮರುದಿನ: 'ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ವೀಕ್ ಸರ್, ಅಪ್‌ಲೋಡ್ ಆಗಿಲ್ಲ ಅನ್ನಿಸುತ್ತದೆ.'

ಅಲ್ಲಿಗೆ ಎದೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲ. ಗೇಟಿನ ಹತ್ತಿರ ನಿಂತರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಅಷ್ಟೇ. ಹಾಗಾದರೆ ಇಷ್ಟು ದಿನ ಅವನು ನೋಡುತ್ತಿದ್ದದ್ದು ಏನನ್ನು? ಮೆಣಸು ಕೊಯ್ಯುವ ಏಣಿ ತಂದು ಕಣದ ಪಕ್ಕದ ಸಿಲ್ವರ್ ಮರಕ್ಕೆ ಒರಗಿಸಿ ಹತ್ತಿದೆ. ಅಲ್ಲಿದ್ದ ಕ್ಯಾಮೆರಾದ ಸ್ಕ್ರೂ ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಖಾಲಿ ಪ್ಲಾಸ್ಟಿಕ್ ಡಬ್ಬಿ. ಒಂದು ಕೆಂಪು ಬಲ್ಬು, ಟಿವಿ ರಿಮೋಟಿಗೆ ಹಾಕುವ ಎರಡು ಸೆಲ್. ಮೆಮೊರಿ ಕಾರ್ಡ್ ಇಲ್ಲ. ವೈರ್ ಅಂತ ಕಾಣುತ್ತಿದ್ದದ್ದು ಡಬ್ಬಿಯ ಹಿಂದೆ ಅಂಟಿಸಿದ ಒಂದು ತುಂಡು, ಅದು ಎಲ್ಲಿಗೂ ಹೋಗಿರಲಿಲ್ಲ. ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೆಳಗೆ ಏಣಿ ಹಿಡಿದಿದ್ದ ಅಮ್ಮ 'ಏನೋ ಅದು, ಕೆಟ್ಟುಹೋಗಿದೆಯಾ' ಅಂತ ಕೇಳುತ್ತಿದ್ದರು. ಉತ್ತರ ಕೊಡಲು ಆಗಲಿಲ್ಲ. ಸಂಜೆಯೊಳಗೆ 23 ಮನೆಯಲ್ಲೂ ಬಿಚ್ಚಿ ನೋಡಿದರು. 46 ಡಬ್ಬಿ. ಎಲ್ಲವೂ ಖಾಲಿ.

ಆ ರಾತ್ರಿ ಮತ್ತೆ ಫೋನ್ ಮಾಡಿ ಬೈದೆ. ಅವನ ದನಿ ಒಂದು ಚೂರೂ ಬದಲಾಗಲಿಲ್ಲ. 'ಕ್ಯಾಮೆರಾ ಕಂಡರೆ ಕಳ್ಳರು ಹತ್ತಿರ ಬರುವುದಿಲ್ಲ ಸರ್, ಅದೇ ಅದರ ಕೆಲಸ. ರೆಕಾರ್ಡ್ ಆಗುತ್ತದೆ ಅಂತ ರಸೀದಿಯಲ್ಲಿ ಬರೆದಿದೆಯಾ?' ಅಂದ. ನೋಡಿದೆ. ಬರೆದಿರಲಿಲ್ಲ. 'ಸುರಕ್ಷತಾ ಸಾಮಗ್ರಿ' ಅಂತ ಅಷ್ಟೇ ಇತ್ತು. ವಿಳಾಸವೂ ಇರಲಿಲ್ಲ. ಫಾರಂ ವಾಪಸ್ ಕೊಡು ಅಂದೆ. ಸ್ವಲ್ಪ ಸುಮ್ಮನಿದ್ದು, 'ಅದೆಲ್ಲ ಆಫೀಸಿಗೆ ಹೋಯಿತು ಸರ್' ಅಂದ. ಆಮೇಲೆ ಸ್ವಿಚ್ ಆಫ್. ಇವತ್ತಿಗೂ ಸ್ವಿಚ್ ಆಫ್.

ಕಾಫಿ ಅವನೇ ಕದ್ದ ಅಂತ ನಾನು ಹೇಳುವುದಿಲ್ಲ. ಆಧಾರ ಇಲ್ಲ. ಆದರೆ ನಾವು ಮನೆಯಲ್ಲಿ ಇಲ್ಲದ ರಾತ್ರಿ ಯಾವುದು, ಗೋಡೌನ್ ಯಾವುದು, ನಾಯಿ ಕಟ್ಟುತ್ತೇವೆ ಅಂತ, ಇಷ್ಟೂ ಬರೆದಿದ್ದ ಹಾಳೆ ಇದ್ದದ್ದು ಅವನ ಕೈಯಲ್ಲಿ. ಇನ್ನು 22 ಮನೆಯ ಹಾಳೆಗಳು ಎಲ್ಲಿವೆಯೋ. ನಮ್ಮೂರಲ್ಲಿ ಈಗ ಯಾರೂ ಮನೆ ಖಾಲಿ ಬಿಟ್ಟು ಹೋಗುತ್ತಿಲ್ಲ.

ಠಾಣೆಗೆ ಹೋಗಿ ದೂರು ಕೊಟ್ಟಿದ್ದೇವೆ. ಮೊದಲು ವಂಚನೆಗೆ 420 ಅನ್ನುತ್ತಿದ್ದರಲ್ಲ, 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೆಕ್ಷನ್ 318. ಕಳ್ಳತನ ಬೇರೆ, ವಂಚನೆ ಬೇರೆ, ಎರಡನ್ನೂ ಬರೆಸಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಫೋನ್ ಪೇಯಲ್ಲಿ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾವು ಎರಡು ತಿಂಗಳು ಕಳೆದ ಮೇಲೆ ಮಾಡಿದೆವು, ಅಷ್ಟರಲ್ಲಿ ಖಾತೆಯಲ್ಲಿ ಏನಿರುತ್ತದೆ?

ಬೀಟ್ ಪೊಲೀಸರು ದುಡ್ಡು ಕೇಳುವುದಿಲ್ಲ. ನಿಮ್ಮೂರಿನ ಬೀಟ್ ಯಾರದು ಅಂತ ಠಾಣೆಯಲ್ಲಿ ಕೇಳಿದರೆ ಹೇಳುತ್ತಾರೆ. ನನಗೆ ಇದು ಗೊತ್ತಾದದ್ದು ದೂರು ಕೊಡಲು ಹೋದ ದಿನ. ನವೆಂಬರಿನಲ್ಲಿ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಖಾಸಗಿಯವರು ಕಾವಲಿಗೆ ಜನ ಕಳಿಸುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕು. ತೋರಿಸು ಅನ್ನಿ. ಕ್ಯಾಮೆರಾ ಹಾಕಿದರೆ ಅವರು ಏಣಿಯಿಂದ ಇಳಿಯುವ ಮೊದಲೇ ನಿಮ್ಮ ಫೋನಿನಲ್ಲೋ ಟಿವಿಯಲ್ಲೋ ನಿಮ್ಮ ಅಂಗಳ ಕಾಣಬೇಕು. ಕಾಣದಿದ್ದರೆ ಒಂದು ರೂಪಾಯಿ ಕೊಡಬೇಡಿ. ಮತ್ತೆ, ಲೈನ್ ಮನೆಯವರ ಮೇಲೆ ಹೋಗಬೇಡಿ. ಕೈಮುಗಿದು ಕೇಳುತ್ತೇನೆ.

ಈಗ ಆನೆ ಗ್ರೂಪಿನಲ್ಲೇ ಗೊತ್ತಿಲ್ಲದ ಗಾಡಿ ಬಂದರೂ ಹಾಕುತ್ತಿದ್ದೇವೆ. ರಾತ್ರಿ ಏನಾದರೂ ಆದರೆ ತುರ್ತು ನಂಬರ್ 112ಕ್ಕೆ ಫೋನ್.

ಇಷ್ಟು ದಿನ ನಾಚಿಕೆಯಿಂದ ಸುಮ್ಮನಿದ್ದೆ. ಮೊನ್ನೆ ಆಲೂರು ಕಡೆಯ ನೆಂಟರು ಫೋನ್ ಮಾಡಿದ್ದರು. ಮಾತಿನ ಮಧ್ಯೆ, 'ನಮ್ಮೂರಿಗೂ ಒಬ್ಬ ಕ್ಯಾಮೆರಾದವನು ಬಂದಿದ್ದ, ಎರಡು ಹಾಳೆ ಫಾರಂ ಕೊಟ್ಟು ಹೋಗಿದ್ದಾನೆ, ಭಾನುವಾರ ಬಂದು ತಗೊಂಡು ಹೋಗುತ್ತಾನಂತೆ' ಅಂದರು. ಕೊನೆಯ ಪ್ರಶ್ನೆ ಓದಿ ಅಂದೆ. ಓದಿದರು. ಅದೇ ಪ್ರಶ್ನೆ. ಆ ಫಾರಂ ಹಿಡಿದುಕೊಂಡು ಈಗಲೇ ಠಾಣೆಗೆ ಹೋಗಿ, ಭಾನುವಾರದ ವಿಷಯ ಹೇಳಿ ಅಂದೆ. ಹೋಗಿದ್ದಾರೆ. ನಿಮ್ಮ ಮನೆಯಲ್ಲೂ ಆ ಹಾಳೆ ಇದ್ದರೆ ಭಾನುವಾರದವರೆಗೆ ಕಾಯಬೇಡಿ.