ಬೌಲಿಂಗ್ ತಿದ್ದಲು ಫೋನಿನ ಸ್ಲೋ ಮೋಷನ್: ಎರಡು ಸೀಸನ್ ಬಳಸಿದ ಮೇಲೆ

ನಾನು ಬಳಸುತ್ತಿರುವುದು ಮೂರೇ ಸಾಮಾನು. ಸೆಕೆಂಡಿಗೆ 240 ಫ್ರೇಮ್ ಸೆರೆಹಿಡಿಯುವ ಫೋನ್, ಸಾವಿರ ರೂಪಾಯಿಯೊಳಗಿನ ಟ್ರೈಪಾಡ್, ಮನೆಯ ಕಂಪ್ಯೂಟರಿನಲ್ಲಿ ವಿಡಿಯೊವನ್ನು ಫ್ರೇಮ್ ಫ್ರೇಮಾಗಿ ನೋಡಲು ಕಿನೋವಿಯಾ ಎಂಬ ಉಚಿತ ತಂತ್ರಾಂಶ. ಬಲಗೈ ಮಧ್ಯಮ ವೇಗಿಯಾದ ನಾನು ವಾರಾಂತ್ಯದ ಲೀಗ್ ಪಂದ್ಯಗಳನ್ನು ಮ್ಯಾಟ್ ಪಿಚ್ ಮೇಲೆ ಆಡುವವನು. ಹತ್ತಿರದಲ್ಲಿ ಒಳ್ಳೆಯ ಕೋಚ್ ಇಲ್ಲದ ಬೌಲರ್‌ಗೆ ಇದಕ್ಕಿಂತ ಉಪಯುಕ್ತವಾದುದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

240 ಫ್ರೇಮ್ ಏಕೆ ಬೇಕು? ಗಂಟೆಗೆ 120 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಮಾಮೂಲಿ 30 ಫ್ರೇಮಿನ ವಿಡಿಯೊದಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಅದು ಒಂದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಬೆರಳಿನಿಂದ ಚೆಂಡು ಬಿಡುಗಡೆಯಾಗುವ ಕ್ಷಣ ಸಿಗುವುದೇ ಇಲ್ಲ. 240ರಲ್ಲಿ ಆ ಅಂತರ ಸುಮಾರು 14 ಸೆಂಟಿಮೀಟರ್. ಆದರೆ ಬೆಳಕು ಧಾರಾಳವಾಗಿರಬೇಕು. ಸಂಜೆ ಆರರ ಹೊತ್ತಿಗೆ ಕೈ ಬರೀ ಮಸುಕಾದ ಗೆರೆಯಾಗಿ ಕಾಣುತ್ತದೆ. ಒಳಾಂಗಣ ನೆಟ್ಸ್‌ನಲ್ಲಿ (ಬಲೆ ಕಟ್ಟಿದ ಅಭ್ಯಾಸದ ಜಾಗದಲ್ಲಿ) ಇನ್ನೊಂದು ತೊಂದರೆ: ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದ ಆ ಮಿನುಗು ಸ್ಲೋ ಮೋಷನ್‌ನಲ್ಲಿ ಎದ್ದು ಕಾಣುತ್ತದೆ.

ನನಗೆ ಸಿಕ್ಕ ದೊಡ್ಡ ಲಾಭದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸ್ಪೆಲ್‌ನ, ಅಂದರೆ ಸತತವಾಗಿ ಹಾಕುವ ಓವರುಗಳ ಸರಣಿಯ, ಕೊನೆಯ ಓವರುಗಳಲ್ಲಿ ನನ್ನ ಚೆಂಡುಗಳು ಲೆಗ್ ಸೈಡಿಗೆ ಜಾರುತ್ತಿದ್ದವು. ಮಣಿಕಟ್ಟಿನ ದೋಷ ಎಂದು ತಂಡದವರೆಲ್ಲ ಹೇಳುತ್ತಿದ್ದರು. ಫೋನನ್ನು ಅಂಪೈರ್ ಹಿಂದೆ, ಸೊಂಟದ ಎತ್ತರಕ್ಕೆ ನಿಲ್ಲಿಸಿ ಮೊದಲ ಓವರನ್ನೂ ಐದನೆಯ ಓವರನ್ನೂ ಚಿತ್ರೀಕರಿಸಿದೆ. ಕಿನೋವಿಯಾದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು, ಹಿಂಗಾಲು ನೆಲ ಮುಟ್ಟುವ ಫ್ರೇಮಿಗೆ ಹೊಂದಿಸಿ ನೋಡಿದೆ. ಮಣಿಕಟ್ಟು ಎರಡರಲ್ಲೂ ಒಂದೇ ತರಹ ಇತ್ತು. ಮೊದಲ ಓವರಿನಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲೇರುತ್ತಿದ್ದ ಎಡಗೈ ಐದನೆಯದರಲ್ಲಿ ಎದೆಯ ಮಟ್ಟದಲ್ಲೇ ನಿಂತು, ಮುಂಗಾಲು ಊರುವ ಮೊದಲೇ ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ಅದರ ಬೆನ್ನಿಗೇ ತಲೆ ಎಡಕ್ಕೆ ವಾಲುತ್ತಿತ್ತು. ಚೆಂಡು ದಾರಿ ತಪ್ಪುವ ಹೊತ್ತಿಗೆ ಆಗಬೇಕಾದುದೆಲ್ಲ ಆಗಿಹೋಗಿರುತ್ತಿತ್ತು.

ಆದ್ದರಿಂದ ದಣಿದ ಓವರನ್ನೇ ಚಿತ್ರೀಕರಿಸಿ ಎಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೈ ಹಗುರಾಗಿರುವಾಗ ಎಲ್ಲರ ಆ್ಯಕ್ಷನ್ನೂ ಚೆನ್ನಾಗಿಯೇ ಇರುತ್ತದೆ. ತಿದ್ದುವಾಗ ಇನ್ನೊಂದು ವಿಷಯ ಗೊತ್ತಾಯಿತು. ಎಡಗೈಯನ್ನು ಅತಿಯಾಗಿ ಎತ್ತಿದ್ದೇನೆ ಎಂದು ನನಗೆ ಅನ್ನಿಸಿದಾಗಲೇ ಪರದೆಯ ಮೇಲೆ ಅದು ಸರಿಯಾದ ಎತ್ತರದಲ್ಲಿರುತ್ತಿತ್ತು. ಮೈಗೆ ಅನ್ನಿಸುವುದಕ್ಕೂ ಮೈ ಮಾಡುವುದಕ್ಕೂ ಇಷ್ಟು ದೂರ! ನೆಟ್ಸ್‌ನಲ್ಲಿಯೇ ಆಗಾಗ ಫೋನ್ ನೋಡದಿದ್ದರೆ ನಾನು ಆ ಎತ್ತರಕ್ಕೆ ಹೋಗುತ್ತಲೇ ಇರಲಿಲ್ಲ. ಲೆಗ್ ಸೈಡಿನ ವೈಡ್‌ಗಳು ಈಗ ಅಪರೂಪ.

ನೋಬಾಲ್ ಪರೀಕ್ಷಿಸುವುದಾದರೆ ಫೋನ್ ಪಾಪಿಂಗ್ ಕ್ರೀಸಿನ (ಬೌಲರ್‌ನ ಮುಂಗಾಲು ಪೂರ್ತಿ ದಾಟಬಾರದ ಗೆರೆಯ) ನೇರದಲ್ಲೇ ಇರಬೇಕು. ಒಂದಡಿ ಹಿಂದೆ ಮುಂದೆ ಸರಿದರೂ ಕೋನ ಬದಲಾಗಿ ಗೆರೆ ದಾಟದ ಕಾಲು ದಾಟಿದಂತೆ, ದಾಟಿದ ಕಾಲು ದಾಟದಂತೆ ಕಾಣುತ್ತದೆ.

ಮೊಣಕೈ ಬಾಗುವಿಕೆಯನ್ನು ಮಾತ್ರ ದಯವಿಟ್ಟು ಈ ವಿಡಿಯೊಗಳಿಂದ ತೀರ್ಮಾನಿಸಬೇಡಿ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ವೇಗವಾಗಿ ತಿರುಗುವ ನೇರವಾದ ಕೈಯೂ ಬಾಗಿದಂತೆ ಕಾಣಬಹುದು. ಐಸಿಸಿ ಅನುಮತಿಸುವ 15 ಡಿಗ್ರಿಯ ಮಿತಿಯನ್ನು ಅಳೆಯಲು ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಂಥ ಪ್ರಯೋಗಾಲಯಗಳಲ್ಲಿ ಮೈಗೆ ಗುರುತುಗಳನ್ನು ಅಂಟಿಸಿ, ಸುತ್ತ ಹಲವು ಕ್ಯಾಮೆರಾ ಇಟ್ಟು ಪರೀಕ್ಷಿಸುತ್ತಾರೆ. ಒಂದು ಫೋನಿನ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ ಹದಿನಾರರ ಹುಡುಗನನ್ನು ಚಕ್ಕರ್ (ಚೆಂಡನ್ನು ನಿಯಮ ಮೀರಿ ಎಸೆಯುವವ) ಎಂದು ಕರೆಯುವುದು ಅನ್ಯಾಯ. ಅಂಥದ್ದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸಣ್ಣಪುಟ್ಟ ಕೊರತೆಗಳೂ ಇವೆ. ಸ್ಲೋ ಮೋಷನ್ ವಿಡಿಯೊ ನಿಮಿಷಕ್ಕೆ ನೂರಾರು ಎಂಬಿ ನುಂಗುತ್ತದೆ. ಅಗ್ಗದ ಟ್ರೈಪಾಡಿಗೆ ಗಾಳಿಯಲ್ಲಿ ಭಾರ ಕಟ್ಟಬೇಕು. ಕಿನೋವಿಯಾಕ್ಕೆ ವಿಂಡೋಸ್ ಕಂಪ್ಯೂಟರ್ ಬೇಕು. ಸ್ಪಿನ್ನರ್‌ಗಳಿಗೆ ಟ್ರೈಪಾಡಿನ ಅಗತ್ಯವೂ ಅಷ್ಟಿಲ್ಲ. ನೆಟ್ಟಿನ ಹಿಂದೆ ನಿಂತ ಗೆಳೆಯನೊಬ್ಬ ಫೋನ್ ಹಿಡಿದರೆ, ಚೆಂಡು ಬೆರಳು ಬಿಟ್ಟ ಮೇಲೆ ಸೀಮ್ (ಚೆಂಡಿನ ಹೊಲಿಗೆ) ಯಾವ ಕಡೆ ಮುಖ ಮಾಡಿದೆ, ನೇರವಾಗಿ ತಿರುಗುತ್ತಿದೆಯೋ ತೂರಾಡುತ್ತಿದೆಯೋ ಎಂಬುದು ಒಂದೇ ಓವರಿನಲ್ಲಿ ತಿಳಿಯುತ್ತದೆ. ಅದಕ್ಕೆ ಹೊಳಪು ಹೋದ ಹಳೆಯ ಚೆಂಡಿಗಿಂತ ಬಿಳಿ ಹೊಲಿಗೆ ಇನ್ನೂ ಕಾಣುವ ಕೆಂಪು ಚೆಂಡನ್ನೇ ಬಳಸಿ.