ಉಪ್ಪುಗಾಳಿಯ ಊರಿನಲ್ಲಿ ಹಸಿರು ಜಿಪ್ಸಂ ಬೋರ್ಡ್: ಕೊಳ್ಳುವ ಮುನ್ನ

ಕಾರವಾರ, ಅಂಕೋಲಾ, ಕುಮಟಾ ಕಡೆ ಅಂಗಡಿಗೋ ಕ್ಲಿನಿಕ್ಕಿಗೋ ಪಾರ್ಟಿಶನ್ ಹಾಕಿಸುವವರು ಈಗ ಹಸಿರು ಮುಖದ ಜಿಪ್ಸಂ ಬೋರ್ಡನ್ನೇ ಕೇಳುತ್ತಾರೆ. ಬೋರ್ಡ್ ಒಳ್ಳೆಯದೇ. ಆದರೆ ಇಲ್ಲಿ ಇಂಥ ಗೋಡೆ ಮೊದಲು ಕೆಡುವುದು ಹಿಂದಿನ ಫ್ರೇಮಿನಲ್ಲಿ, ಸ್ಕ್ರೂಗಳಲ್ಲಿ, ಜಾಯಿಂಟುಗಳಲ್ಲಿ. ದುಡ್ಡು ಹಾಕಬೇಕಾದದ್ದೂ ಅಲ್ಲೇ.

ಹಸಿರು ಬೋರ್ಡಿನ ತಿರುಳಿಗೆ ನೀರು ಹೀರದಂತೆ ತಡೆಯುವ ಪದಾರ್ಥ ಬೆರೆಸಿರುತ್ತಾರೆ. ಯುರೋಪಿನ ಇಎನ್ 520 ಮಾನದಂಡದ ಎಚ್1 ದರ್ಜೆಯ ಬೋರ್ಡ್ ಎರಡು ಗಂಟೆ ನೀರಿನಲ್ಲಿ ಮುಳುಗಿದ್ದರೂ ತನ್ನ ತೂಕದ ಶೇ 5ಕ್ಕಿಂತ ಹೆಚ್ಚು ನೀರು ಹೀರಬಾರದು. ಸಾದಾ ಬೋರ್ಡ್ ಹಲವು ಪಟ್ಟು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ತೇವಕ್ಕೆ ಹಸಿರು ಬೋರ್ಡ್ ಸಾಕು; ನೇರವಾಗಿ ನೀರು ಬೀಳುವ ಬಚ್ಚಲ ಗೋಡೆಗೆ ಸಾಲದು. ಅಲ್ಲಿ ಸಿಮೆಂಟ್ ಬೋರ್ಡ್, ಮೇಲೆ ವಾಟರ್‌ಪ್ರೂಫಿಂಗ್, ಆಮೇಲೆ ಟೈಲ್ಸ್.

ಫ್ರೇಮಿನ ಜಿಐ (ಸತು ಲೇಪಿಸಿದ ಉಕ್ಕಿನ ತಗಡಿನ) ಚಾನಲ್ ಕೊಳ್ಳುವಾಗ ಚದರ ಮೀಟರಿಗೆ ಎಷ್ಟು ಗ್ರಾಂ ಸತುವಿನ ಲೇಪವಿದೆ ಎಂದು ಕೇಳಿ. 120 ಗ್ರಾಂನದೂ 275 ಗ್ರಾಂನದೂ ನೋಡಲು ಒಂದೇ ಥರ ಹೊಳೆಯುತ್ತವೆ. ಸಮುದ್ರಕ್ಕೆ ಹತ್ತಿರದ ಕಟ್ಟಡಕ್ಕೆ 275ರದ್ದೇ ಬೇಕು, ತಗಡು 0.5 ಮಿ.ಮೀ.ಗಿಂತ ತೆಳುವಿರಬಾರದು. ಚಾನಲನ್ನು ಗ್ರೈಂಡರಿನಲ್ಲಿ ಕತ್ತರಿಸಿದರೆ ಕಿಡಿಯ ಶಾಖಕ್ಕೆ ಅಂಚಿನ ಸತು ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ತಗಡು ಕತ್ತರಿಯಲ್ಲಿ ಕತ್ತರಿಸಿ, ತುದಿಗೆ ಜಿಂಕ್ ರಿಚ್ ಪೇಂಟ್ (ಸತು ಹೆಚ್ಚಿರುವ ಬಣ್ಣ) ಬಳಿಯುವ ಕೆಲಸಗಾರ ಸಿಕ್ಕಿದರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಸ್ಕ್ರೂ 25 ಮಿ.ಮೀ.ನದು, ಬೋರ್ಡಿನ ನಡುವೆ 300, ಅಂಚಿನಲ್ಲಿ 200 ಮಿ.ಮೀ. ಅಂತರ. ಕಪ್ಪು ಸ್ಕ್ರೂ ಇಲ್ಲಿ ಬೇಡ, ಸತು ಲೇಪದ್ದು ತನ್ನಿ. ಇಲ್ಲವಾದರೆ ಪೇಂಟಿನ ಮೇಲೆ ಕಂದು ಚುಕ್ಕೆಗಳ ಸಾಲು ಏಳುತ್ತದೆ. ತಲೆ ಒಂದು ಕೂದಲೆಳೆ ಒಳಗೆ ಕೂರಬೇಕು, ಬೋರ್ಡಿನ ಮುಖದ ಕಾಗದ ಹರಿಯಬಾರದು. ಹರಿದರೆ ಸ್ಕ್ರೂಗೆ ಹಿಡಿತವೇ ಇಲ್ಲ: ಅದನ್ನು ತೆಗೆದು ಎರಡು ಇಂಚು ಪಕ್ಕದಲ್ಲಿ ಹೊಸದು ಹಾಕಬೇಕು. ನೆಲಕ್ಕೂ ಬೋರ್ಡಿಗೂ 10 ಮಿ.ಮೀ. ಸಂದು ಬಿಡಿಸಿ. ನೆಲ ಒರೆಸಿದ ನೀರು ಬೋರ್ಡಿನ ಕತ್ತರಿಸಿದ ಅಂಚಿಗೆ ತಾಗಿದರೆ ಬುಡದಲ್ಲಿ ಬೂಷ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ಜಾಯಿಂಟ್ ಕೆಲಸಕ್ಕೆ ಅವಸರಪಡಿಸುವವರನ್ನು ನಂಬಬೇಡಿ. ಜಾಯಿಂಟಿಗೆ ಟೇಪ್ ಅಂಟಿಸಿ ಮೇಲೆ ಎಳೆಯುವ, ಡಬ್ಬಿಯಲ್ಲಿ ಕಲಸಿಯೇ ಬರುವ ರೆಡಿಮಿಕ್ಸ್ ಪೇಸ್ಟ್ ನೀರು ಆರಿಯೇ ಗಟ್ಟಿಯಾಗಬೇಕು. ಹಸಿಯ ಮೇಲೆ ಎರಡನೇ ಕೋಟ್ ಎಳೆದರೆ ಚಳಿಗಾಲದ ಒಣಗಾಳಿಗೆ ಟೇಪಿನುದ್ದಕ್ಕೂ ಸೀಳು ಕಾಣುತ್ತದೆ. ಜುಲೈನಲ್ಲಿ ಮಾಡಿಸಲೇಬೇಕಿದ್ದರೆ ನೀರಿನಲ್ಲಿ ಕಲಸಿದ ಮೇಲೆ ರಾಸಾಯನಿಕವಾಗಿ ಸೆಟ್ ಆಗುವ ಪುಡಿಯನ್ನೇ ಮೊದಲ ಕೋಟಿಗೆ ಬಳಸಲಿ.

ವೇಸ್ಟ್ ಉಳಿಸುವ ಒಂದು ಲೆಕ್ಕ ಇಲ್ಲಿದೆ. 6×4 ಅಡಿ ಶೀಟಿನಲ್ಲಿ 10 ಅಡಿ ಎತ್ತರ, 12 ಅಡಿ ಅಗಲದ ಗೋಡೆಗೆ ಮೂರು ಶೀಟು ಉದ್ದಕ್ಕೆ ನಿಲ್ಲಿಸಿ, ಮೇಲೆ ಎರಡನ್ನು ಅಡ್ಡ ಮಲಗಿಸಿದರೆ ಒಂದು ಬದಿಗೆ ಐದೇ ಶೀಟು, ಒಂದು ತುಂಡೂ ಹಾಳಿಲ್ಲ. ಸ್ಟಡ್‌ಗಳನ್ನು (ಫ್ರೇಮಿನ ನೆಟ್ಟಗಿನ ಚಾನಲ್‌ಗಳನ್ನು) ಎರಡು ಅಡಿಗೊಂದರಂತೆ ನಿಲ್ಲಿಸಿದ್ದರೆ ಎರಡು ಸಾಲೂ ಸರಿಯಾಗಿ ಕೂರುತ್ತವೆ. ಇನ್ನೊಂದು ಬದಿಯಲ್ಲಿ ಅಡ್ಡದ್ದು ಕೆಳಗೆ, ಉದ್ದದ್ದು ಮೇಲೆ. ಆಗ ಎರಡೂ ಕಡೆಯ ಜಾಯಿಂಟ್ ಒಂದೇ ಮಟ್ಟಕ್ಕೆ ಬರುವುದಿಲ್ಲ. ಅಡ್ಡ ಜಾಯಿಂಟಿನ ಹಿಂದೆ ಚಾನಲ್ ತುಂಡು ಕೊಡುವುದನ್ನು ಮರೆಯುವಂತಿಲ್ಲ.

ಇಂಥ ಗೋಡೆಗೆ ಮರಳೂ ಬೇಡ, ಕ್ಯೂರಿಂಗ್ ನೀರೂ ಬೇಡ, 12.5 ಮಿ.ಮೀ. ಬೋರ್ಡ್ ಚದರ ಮೀಟರಿಗೆ ಸುಮಾರು 9 ಕೆ.ಜಿ. ಮಾತ್ರ. ಉಳಿದ ತುಂಡನ್ನು ಹಸಿಕಸದ ಜೊತೆ ಗುಂಡಿಗೆ ಹಾಕಿಸಬೇಡಿ: ಗಾಳಿಯಾಡದ ಒದ್ದೆಯಲ್ಲಿ ಬ್ಯಾಕ್ಟೀರಿಯಾಗಳು ಜಿಪ್ಸಂನಿಂದ ಹೈಡ್ರೋಜನ್ ಸಲ್ಫೈಡ್ ಹೊರಡಿಸುತ್ತವೆ, ಅದು ವಿಷಾನಿಲ. ಗೋಡೆ ಬಿಚ್ಚುವ ದಿನ ಬಂದರೆ ಸ್ಕ್ರೂ ತೆಗೆದು ಸ್ಟಡ್‌ಗಳನ್ನು ಬಗ್ಗಿಸದೆ ಇಳಿಸಲಿ. ಸತು ಉಳಿದ 275 ಗ್ರಾಂನ ಸ್ಟಡ್ ಇನ್ನೊಂದು ಗೋಡೆಗೆ ಬರುತ್ತದೆ, 120ರದ್ದು ಹೆಚ್ಚಾಗಿ ಗುಜರಿಗೇ ಹೋಗುತ್ತದೆ.