36 ಕೇ ದೆಸ್ ಓರ್ಫೆವ್ರ್: ಒಂದು ಕುರ್ಚಿ, ಇಬ್ಬರು ಪೊಲೀಸರು

ಪೊಲೀಸ್ ಸಿನಿಮಾ ತಾನೇ, ಕಳ್ಳನನ್ನು ಹಿಡಿಯೋ ಕಥೆ ಇರಬೇಕು ಅಂತ ಕೂತರೆ ಇದು ಬೇಗನೆ ದಾರಿ ಬದಲಿಸುತ್ತದೆ. ಕಳ್ಳರೇನೋ ಇದ್ದಾರೆ. ಪ್ಯಾರಿಸ್‌ನಲ್ಲಿ ಹಣ ಸಾಗಿಸುವ ವ್ಯಾನ್‌ಗಳಿಗೆ ಅಡ್ಡ ಹಾಕಿ, ಗುಂಡು ಹಾರಿಸಿ, ದೋಚಿಕೊಂಡು ಹೋಗುವ ಗ್ಯಾಂಗ್. ಆದರೆ ಕಥೆ ಅವರದ್ದಲ್ಲ. ಮೇಲಧಿಕಾರಿಗೆ ಬಡ್ತಿ ಸಿಗುತ್ತಿದೆ, ಅವನ ಕುರ್ಚಿ ಖಾಲಿಯಾಗಲಿದೆ, ಗ್ಯಾಂಗ್ ಹಿಡಿದವನಿಗೆ ಆ ಕುರ್ಚಿ. ಅಲ್ಲಿಂದ ಶುರು. ಯಾವ ಆಫೀಸಿನಲ್ಲಾದರೂ ನಡೆಯುವ ಬಡ್ತಿ ಜಗಳವೇ ಇದು, ಇಲ್ಲಿ ಜಗಳವಾಡುವವರ ಸೊಂಟದಲ್ಲಿ ಪಿಸ್ತೂಲು ಇದೆ ಅಷ್ಟೆ.

2004ರ ಫ್ರೆಂಚ್ ಚಿತ್ರ. ನಿರ್ದೇಶಕ ಒಲಿವಿಯೇ ಮಾರ್ಶಾಲ್. ಹೆಸರು ನೋಡಿ ಗಾಬರಿಯಾಗಬೇಡಿ, ಅದೊಂದು ವಿಳಾಸ. ಸೀನ್ ನದಿ ನಡುವಿನ ಸಿತೆ ದ್ವೀಪದಲ್ಲಿ, ದಡಕ್ಕೆ ಮುಖ ಮಾಡಿ ನಿಂತಿರುವ ಆ ಕಟ್ಟಡದಲ್ಲೇ ಪ್ಯಾರಿಸ್‌ನ ಅಪರಾಧ ತನಿಖಾ ಪೊಲೀಸರ ಮುಖ್ಯ ಕಚೇರಿ ಇತ್ತು. 2017ರಲ್ಲಿ ಬಾತಿನ್ಯೋಲ್ ಕಡೆಗೆ ಕಚೇರಿ ಬದಲಾಯಿತು, ಆದರೆ ಹೊಸ ಕಟ್ಟಡಕ್ಕೂ 36 ಅನ್ನೋ ನಂಬರನ್ನೇ ಇಟ್ಟುಕೊಂಡರು. ಆ ನಂಬರಿನ ಮೇಲೆ ಪೊಲೀಸರಿಗೆ ಇರುವ ಮೋಹ ಅಂಥದ್ದು. ಸಿನಿಮಾ ಶುರುವಾಗುವುದೂ ಅದೇ ಮೋಹದಿಂದ. ಹೆಲ್ಮೆಟ್ ಹಾಕಿಕೊಂಡ ಇಬ್ಬರು ಆ ಬೀದಿಯ ಹೆಸರಿನ ಫಲಕವನ್ನೇ ಕಿತ್ತುಕೊಂಡು ಬೈಕ್‌ನಲ್ಲಿ ಪರಾರಿ. ಕಳ್ಳರು ಯಾರು ಅಂದ್ರೆ ಪೊಲೀಸರೇ, ನಿವೃತ್ತಿಯಾಗುತ್ತಿರುವ ಗೆಳೆಯನಿಗೆ ಕೊಡೋ ಉಡುಗೊರೆ ಅದು.

ಕುರ್ಚಿಗೆ ಪೈಪೋಟಿ ಇಬ್ಬರದ್ದು. ಲಿಯೊ ವ್ರಿಂಕ್ಸ್, ಪಾತ್ರಧಾರಿ ದಾನಿಯೆಲ್ ಓತೊಯ್, ಬಿಆರ್‌ಐ ಎಂಬ ದಳದ ಮುಖ್ಯಸ್ಥ. ಡೆನಿ ಕ್ಲೈನ್, ಪಾತ್ರಧಾರಿ ಜೆರಾರ್ ದೆಪಾರ್ದ್ಯು, ಬಿಆರ್‌ಬಿ ಎಂಬ ಇನ್ನೊಂದು ದಳದವನು. ಎರಡೂ ದಳಗಳ ಕೆಲಸ ದರೋಡೆಕೋರರ ಬೆನ್ನು ಹತ್ತುವುದೇ, ಒಂದೇ ಇಲಾಖೆ, ಆದರೂ ಎಣ್ಣೆ ಸೀಗೆಕಾಯಿ. ಇಬ್ಬರೂ ಒಂದು ಕಾಲದ ಗೆಳೆಯರು ಬೇರೆ. ನಡುವೆ ಆಂದ್ರೆ ದ್ಯೂಸೋಲಿಯೆ ಮಾಡಿರುವ ಮೇಲಧಿಕಾರಿ ಮಾನ್ಸಿನಿ. ಮನಸ್ಸು ವ್ರಿಂಕ್ಸ್ ಕಡೆಗೇ ಇದ್ದರೂ ಕೈ ಕೆಸರು ಮಾಡಿಕೊಳ್ಳದ ಜಾಣ.

ನನಗೆ ತುಂಬಾ ಹಿಡಿಸಿದ್ದು ಒಳ್ಳೆಯವನು ಅನ್ನಿಸಿಕೊಂಡವನೂ ಇಲ್ಲಿ ಶುದ್ಧನಲ್ಲ ಅನ್ನೋದು. ಒಂದು ದೃಶ್ಯ ಹೇಳ್ತೀನಿ, ಕಥೆಯ ಮೊದಲ ಭಾಗದ್ದೇ, ನೋಡೋ ಮಜಾ ಕೆಡಲ್ಲ. ಜೈಲಿನಿಂದ ಸ್ವಲ್ಪ ಹೊತ್ತು ಹೊರಗೆ ಬಂದಿರುವ ಸಿಲಿಯೆನ್ ಎಂಬ ಅಪರಾಧಿ (ರೋಶ್ದಿ ಜೆಮ್) ವ್ರಿಂಕ್ಸ್‌ನನ್ನು ಕರೆಸಿಕೊಳ್ಳುತ್ತಾನೆ. ಗ್ಯಾಂಗ್ ಬಗ್ಗೆ ಸುಳಿವು ಕೊಡ್ತೀನಿ ಅಂತಾನೆ. ಇಬ್ಬರೂ ಒಟ್ಟಿಗೆ ಹೋಗ್ತಾರೆ. ಸಿಲಿಯೆನ್ ಇಳಿದು ಹೋಗಿ ಹಳೇ ದ್ವೇಷ ತೀರಿಸಿಕೊಂಡು, ಅಂದ್ರೆ ಕೊಲೆ ಮಾಡಿ, ವಾಪಸ್ ಬರ್ತಾನೆ. ಈಗ ಅವನ ಪರ ಸಾಕ್ಷಿ ಯಾರು? ಪಕ್ಕದಲ್ಲೇ ಇದ್ದ ದೊಡ್ಡ ಪೊಲೀಸ್ ಅಧಿಕಾರಿ! ಬಾಯಿ ಬಿಟ್ಟರೆ ಸುಳಿವು ಹೋಯಿತು, ಬಿಡದಿದ್ದರೆ ತಾನೂ ಪಾಲುದಾರ. ಓತೊಯ್ ಇಲ್ಲಿ ಕೂಗಾಡಿ ಮುಗಿಸುವುದಿಲ್ಲ, ಲೆಕ್ಕ ಹಾಕ್ತಾನೆ. ಆ ಲೆಕ್ಕ ಮುಖದಲ್ಲೇ ಓಡುವುದು ಕಾಣುತ್ತದೆ. ಮುಂದೆ ಅವನ ತಲೆ ಮೇಲೆ ಬೀಳುವುದೆಲ್ಲ ಇಲ್ಲಿಂದಲೇ ಹುಟ್ಟುವುದು, ಹಾಗಾಗಿ ಅಯ್ಯೋ ಪಾಪ ಅನ್ನುವಾಗಲೂ ನಮಗೆ ಪೂರ್ತಿ ಪಾಪ ಅನ್ನೋಕೆ ಆಗಲ್ಲ.

ದೆಪಾರ್ದ್ಯು ಬಗ್ಗೆ ಒಂದು ಮಾತು. ಆ ದೇಹಕ್ಕೆ ಗರ್ಜನೆ ಸಲೀಸು, ಆದರೆ ಇಲ್ಲಿ ಅವನು ತಗ್ಗಿದ ದನಿಯಲ್ಲೇ ಮಾತಾಡುತ್ತಾನೆ. ಕಾರ್ಯಾಚರಣೆಯ ದೃಶ್ಯ ಇದೆಯಲ್ಲ, ಗ್ಯಾಂಗ್ ಅಡಗಿರುವ ಜಾಗವನ್ನು ವ್ರಿಂಕ್ಸ್‌ನ ತಂಡ ಸುತ್ತುವರಿದು ಉಸಿರು ಬಿಗಿಹಿಡಿದು ಕಾಯುತ್ತಿದೆ, ಎಲ್ಲರ ಜಾಗವೂ ನಿಗದಿಯಾಗಿದೆ, ಅಷ್ಟರಲ್ಲಿ ಕುಡಿದಿರುವ ಕ್ಲೈನ್ ಯಾರ ಮಾತೂ ಕೇಳದೆ ಪಿಸ್ತೂಲು ಹಿಡಿದು ಒಬ್ಬನೇ ಸುಮ್ನೆ ಮುಂದಕ್ಕೆ ನಡೆದುಬಿಡುತ್ತಾನೆ. ಓಡುವುದಿಲ್ಲ, ನಡೆಯುತ್ತಾನೆ. ಆ ಭಾರವಾದ ಬೆನ್ನು ನೋಡ್ತಾ ಇದ್ದರೆ ಇವನು ಗೆಲ್ಲೋಕೆ ಹೋಗ್ತಾ ಇದ್ದಾನಾ, ಸಾಯೋಕೆ ಹೋಗ್ತಾ ಇದ್ದಾನಾ ಗೊತ್ತಾಗಲ್ಲ. ಆಮೇಲೆ ಗುಂಡಿನ ಸುರಿಮಳೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ದೃಶ್ಯ ಇನ್ನೊಂದಿಲ್ಲ.

1986ರ ‘ಜ್ಯಾನ್ ದ ಫ್ಲೋರೆಟ್’ ನೋಡಿದವರಿಗೆ ಒಂದು ಮಜಾ ಇದೆ. ಅದರಲ್ಲಿ ಇದೇ ಓತೊಯ್ ನಗುನಗುತ್ತಾ ದೆಪಾರ್ದ್ಯುನ ಬಾಳು ಹಾಳು ಮಾಡುತ್ತಾನೆ. ಇಲ್ಲಿ ಬಡ್ಡಿ ಸಮೇತ ವಸೂಲಿ.

ಇದೆಲ್ಲ ಕಟ್ಟುಕಥೆ ಅನ್ನಿಸದೇ ಇರುವುದಕ್ಕೆ ಕಾರಣ ಇದೆ. ಮಾರ್ಶಾಲ್ ಸಿನಿಮಾಕ್ಕೆ ಬರುವ ಮೊದಲು ಪೊಲೀಸ್ ಆಗಿದ್ದವರು. ಜೊತೆಗೆ ಕಥೆ ಬರೆದ ದೊಮಿನಿಕ್ ಲ್ವಾಜೋ ಕೂಡ ಪೊಲೀಸ್, ಜೈಲು ಸೇರಿ ಬಂದವರು, ತಾನು ತಪ್ಪು ಮಾಡಿಲ್ಲ ಅಂತಲೇ ಹೇಳುತ್ತಾ ಬಂದವರು. ಹಿನ್ನೆಲೆಯಲ್ಲಿ ಒಂದು ನಿಜವಾದ ಘಟನೆಯೂ ಇದೆ. 1980ರ ದಶಕದಲ್ಲಿ ವಿಗ್ಗು, ಸುಳ್ಳು ಮೀಸೆ ಅಂಟಿಸಿಕೊಂಡು ಪ್ಯಾರಿಸ್‌ನ ಬ್ಯಾಂಕುಗಳನ್ನು ದೋಚುತ್ತಿದ್ದ ಒಂದು ಗ್ಯಾಂಗ್ ಇತ್ತು. 1986ರ ಜನವರಿ 14ರಂದು ಡಾಕ್ಟರ್ ಬ್ಲಾಂಶ್ ರಸ್ತೆಯಲ್ಲಿ ಅವರನ್ನು ಹಿಡಿಯಲು ಹೋದ ಕಾರ್ಯಾಚರಣೆ ಕೆಟ್ಟು ಹೋಯಿತು. ಒಬ್ಬ ಪೊಲೀಸ್ ಸತ್ತ, ಒಬ್ಬ ದರೋಡೆಕೋರನೂ ಸತ್ತ. ಸತ್ತ ಪೊಲೀಸ್‌ನ ಹೆಸರು ಜ್ಯಾನ್ ವ್ರಿಂಟ್ಸ್. ನಾಯಕನ ಹೆಸರು ವ್ರಿಂಕ್ಸ್ ಅಂತ ಸುಮ್ಮಸುಮ್ಮನೆ ಬಂದದ್ದಲ್ಲ ಅಲ್ವಾ?

ಇನ್ನು ಬೇಜಾರಿನ ವಿಷಯ. ಅರ್ಧ ಆದ ಮೇಲೆ ಚಿತ್ರ ಬೇರೆಯದೇ ಆಗುತ್ತದೆ. ಅಲ್ಲಿವರೆಗೂ ಪ್ರತಿಯೊಂದಕ್ಕೂ ಒಂದು ಕಾರಣ ಇರುತ್ತದೆ, ಆಮೇಲೆ ವಿಧಿ, ಕಣ್ಣೀರು, ಸ್ಮಶಾನ. ಹಿನ್ನೆಲೆ ಸಂಗೀತ ಅಂತೂ ಇಲ್ಲಿ ಅಳಿ, ಇಲ್ಲಿ ನಡುಗಿ ಅಂತ ಕಿವಿ ಹಿಂಡಿ ಹೇಳ್ತಾ ಇರುತ್ತದೆ. ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಕ್ಲೈನ್ ಕೂಡ ಅಷ್ಟೆ. ಮೊದಲರ್ಧದಲ್ಲಿ ಹೊಟ್ಟೆಕಿಚ್ಚಿನ ಸಾಮಾನ್ಯ ಮನುಷ್ಯ, ಆಮೇಲೆ ಪಕ್ಕಾ ವಿಲನ್. ವ್ರಿಂಕ್ಸ್‌ನ ಹೆಂಡತಿ ಕಮೀಲ್ ಆಗಿ ವಲೇರಿಯಾ ಗೊಲಿನೊ ಇದ್ದಾರೆ, ಒಳ್ಳೆ ನಟಿ, ಆದರೆ ಕಾಯುವುದು, ಹೆದರುವುದು ಬಿಟ್ಟು ಬೇರೆ ಕೆಲಸ ಕೊಟ್ಟಿಲ್ಲ. ಈ ಗಂಡಸರ ಗುದ್ದಾಟಕ್ಕೆ ಬೆಲೆ ತೆರೋಕಷ್ಟೇ ಹೆಂಗಸರು ಅನ್ನೋ ಹಾಗಿದೆ.

ಆದರೂ ನೋಡಿ ಅಂತಲೇ ಹೇಳ್ತೀನಿ. 110 ನಿಮಿಷ, ಎಲ್ಲೂ ಗಡಿಯಾರ ನೋಡುವ ಹಾಗಾಗುವುದಿಲ್ಲ. ರಾತ್ರಿ ಪ್ಯಾರಿಸ್ ಇದರಲ್ಲಿ ನೀಲಿ, ಬೂದು. ಪೋಸ್ಟ್‌ಕಾರ್ಡ್‌ನ ಪ್ಯಾರಿಸ್ ಹುಡುಕಬೇಡಿ. ಡಬ್ಬಿಂಗ್ ಬೇಡವೇ ಬೇಡ, ದೆಪಾರ್ದ್ಯುನ ಆ ತಗ್ಗಿದ ದನಿ ಹೋದರೆ ಪಾತ್ರದ ಅರ್ಧ ಹೋದ ಹಾಗೆ. ಫ್ರೆಂಚ್‌ನಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಇನ್ನೊಂದು, ಶುರುವಿನಲ್ಲಿ ಬಂದು ಹೋಗುವ ಪುಡಿ ರೌಡಿಗಳನ್ನು ಇವರ್ಯಾರೋ ಅಂತ ಬಿಟ್ಟುಬಿಡಬೇಡಿ, ಮುಖ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.